ಕೆ.ಸಿ. ಕಾಲುವೆಯ ಗುಂಟ ಐದು ದಿನ: ಆದೋನಿಯ ಬಾಡಿಗೆ ಸೈಕಲ್ ಸೇವೆಯೊಂದರ ವಿಮರ್ಶೆ

ಆಂಧ್ರದ ಆದೋನಿಯ ಹತ್ತಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಫಲಕವಿಲ್ಲದ ಒಂದು ಸೈಕಲ್ ಅಂಗಡಿಯಿದೆ. ಪಂಕ್ಚರ್ ಹಾಕುವುದು, ಚಕ್ರದ ವಾರೆ ತಿದ್ದುವುದು ಅಲ್ಲಿನ ನಿತ್ಯದ ಕೆಲಸ. ಎರಡು ವರ್ಷಗಳಿಂದ ಅಂಗಡಿಯ ಯಜಮಾನರು ಗೇರ್ ಇರುವ ಆರು ಸೈಕಲ್‌ಗಳನ್ನು ದೂರದ ಪ್ರಯಾಣಕ್ಕೆಂದು ದಿನದ ಬಾಡಿಗೆಗೂ ಕೊಡುತ್ತಿದ್ದಾರೆ. ಕಳೆದ ಡಿಸೆಂಬರಿನಲ್ಲಿ ನಾನೂ ನನ್ನ ಭಾವನವರೂ ಅವರಿಂದ ಎರಡು ಸೈಕಲ್ ಪಡೆದು, ಸುಂಕೇಸುಲದಿಂದ ಕಡಪದವರೆಗೆ ಕರ್ನೂಲು–ಕಡಪ ಕಾಲುವೆಯ ದಂಡೆಯನ್ನು ಹಿಡಿದು ಐದು ದಿನ ಪ್ರಯಾಣ ಮಾಡಿದೆವು. ಬಾಡಿಗೆ ಒಂದು ಸೈಕಲ್‌ಗೆ ದಿನಕ್ಕೆ 300 ರೂಪಾಯಿ, ಠೇವಣಿ 2,000 ರೂಪಾಯಿ. ಹಿಂದಿನ ಕ್ಯಾರಿಯರ್, ಎರಡು ಬದಿಯ ಚೀಲ, ಪಂಪು ಮತ್ತು ಸಲಕರಣೆಗಳ ಸಣ್ಣ ಚೀಲ ಬಾಡಿಗೆಯಲ್ಲೇ ಸೇರಿವೆ. ಆ ದಾರಿಗೆ ಈ ಸೇವೆ ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದನ್ನು, ಹೋಗಬಯಸುವವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಮೊದಲು ದಾರಿಯ ಗುಣವನ್ನು ಹೇಳಬೇಕು. ಸೈಕಲ್‌ನ ಗುಣದೋಷಗಳೆಲ್ಲ ಅದಕ್ಕೆ ಹೊಂದಿಕೊಂಡೇ ಇವೆ. ಸುಮಾರು 306 ಕಿಲೋಮೀಟರ್ ಉದ್ದದ ಈ ಕಾಲುವೆಯನ್ನು 1863 ಮತ್ತು 1870ರ ನಡುವೆ ಮದ್ರಾಸ್ ಇರಿಗೇಶನ್ ಕಂಪನಿ ಎಂಬ ಖಾಸಗಿ ಸಂಸ್ಥೆ ತೋಡಿಸಿತು. ಹೊಲಕ್ಕೆ ನೀರು ಹರಿಸುವುದರ ಜೊತೆಗೆ ದೋಣಿಯಲ್ಲಿ ಸರಕು ಸಾಗಿಸುವುದೂ ಅದರ ಉದ್ದೇಶವಾಗಿತ್ತು. ರೈಲಿಗಿಂತ ಜಲಮಾರ್ಗವೇ ಅಗ್ಗ ಮತ್ತು ಜನರಿಗೆ ಹೆಚ್ಚು ಹಿತ ಎಂದು ಬ್ರಿಟಿಷ್ ನೀರಾವರಿ ಎಂಜಿನಿಯರ್ ಸರ್ ಆರ್ಥರ್ ಕಾಟನ್ ಬಲವಾಗಿ ವಾದಿಸುತ್ತಿದ್ದ ಕಾಲವದು. ಕಂಪನಿಗೆ ಲಾಭ ಬರಲಿಲ್ಲ. 1882ರಲ್ಲಿ ಸರ್ಕಾರವೇ ಕಾಲುವೆಯನ್ನು ಕೊಂಡುಕೊಂಡಿತು. ಕಾಲಕ್ರಮದಲ್ಲಿ ದೋಣಿಗಳೂ ನಿಂತುಹೋದವು. ಆದರೆ ದೋಣಿಗಾಗಿ ಮಾಡಿದ ಮಟ್ಟ ಮಾತ್ರ ನೆಲದಲ್ಲಿ ಹಾಗೆಯೇ ಉಳಿದಿದೆ. ದೋಣಿ ಸಾಗಬೇಕಾದರೆ ನೀರು ರಭಸದಿಂದ ಓಡಬಾರದು, ಆದ್ದರಿಂದ ಕಾಲುವೆಯನ್ನು ಕಣ್ಣಿಗೆ ಕಾಣದಷ್ಟು ಇಳಿಜಾರಿನಲ್ಲಿ, ದಿಬ್ಬಗಳನ್ನು ಸುತ್ತುಬಳಸಿ ಒಯ್ದಿದ್ದಾರೆ. ನೆಲ ತಗ್ಗುವಲ್ಲಿ ಲಾಕುಗಳನ್ನು, ಅಂದರೆ ದೋಣಿಗಳನ್ನು ಏರಿಸಿ ಇಳಿಸುವ ಬಾಗಿಲುಳ್ಳ ಕಟ್ಟೆಗಳನ್ನು ಕಟ್ಟಿ, ನೀರನ್ನು ಒಂದೊಂದು ಮೆಟ್ಟಿಲಿನಂತೆ ಕೆಳಗಿಳಿಸಿದ್ದಾರೆ. ದಂಡೆಯ ಮೇಲೆ ಸೈಕಲ್ ತುಳಿಯುವವನಿಗೆ ಇದು ಮೊಣಕಾಲಿನಲ್ಲಿ ಗೊತ್ತಾಗುತ್ತದೆ. ಗಂಟೆಗಟ್ಟಲೆ ಏರಿಲ್ಲ, ಇಳಿಜಾರಿಲ್ಲ, ಒಂದೇ ಗೇರಿನಲ್ಲಿ ಒಂದೇ ಲಯ; ಆಮೇಲೆ ಹಠಾತ್ತನೆ ಹತ್ತಿಪ್ಪತ್ತು ಮಾರು ದೂರದ ಸಣ್ಣ ಇಳಿತ, ಪಕ್ಕದಲ್ಲಿ ನೀರು ಧುಮುಕುವ ಸದ್ದು. ಅಲ್ಲಿ ಇಳಿದು ನೋಡಿದರೆ ಹಳೆಯ ಲಾಕಿನ ಕಲ್ಲುಗೋಡೆಯೋ, ಅದರ ಜಾಗದಲ್ಲಿ ಹೊಸದಾಗಿ ಕಟ್ಟಿದ ಕಾಂಕ್ರೀಟ್ ಗೋಡೆಯೋ ಕಾಣುತ್ತದೆ. ಸುಂಕೇಸುಲದಿಂದ ಹೊರಟವನಿಗೆ ಇಂತಹ ಇಳಿತಗಳೆಲ್ಲ ಅನುಕೂಲದ ಕಡೆಗೇ ಇರುತ್ತವೆ. ಕಡಪದಿಂದ ಹೊರಡಬಾರದೆಂದು ಅಂಗಡಿಯ ಯಜಮಾನರು ಹೇಳಿದ್ದು ಇದಕ್ಕೇ.

ಸೈಕಲ್ ಕೊಡುವ ಮುನ್ನ ಅವರು ತೆಗೆದುಕೊಳ್ಳುವ ಶ್ರಮವೇ ಈ ಸೇವೆಯ ದೊಡ್ಡ ಗುಣ. ಹೊರಡುವ ಹಿಂದಿನ ಸಂಜೆ ನಮ್ಮಿಬ್ಬರನ್ನೂ ಅಂಗಡಿಗೆ ಕರೆಸಿದರು. ಸೀಟಿನ ಮೇಲೆ ಕೂರಿಸಿ, ಪೆಡಲನ್ನು ಪೂರ್ತಿ ಕೆಳಕ್ಕಿಳಿಸಿ, ಅದರ ಮೇಲೆ ಹಿಮ್ಮಡಿ ಇಡಲು ಹೇಳಿ, ಕಾಲು ನೆಟ್ಟಗಾಗುವ ಎತ್ತರಕ್ಕೆ ಸೀಟನ್ನು ಬಿಗಿದರು. ಅನಂತರ ಹ್ಯಾಂಡಲನ್ನು ಎರಡು ಬೆರಳಿನಷ್ಟು ಎತ್ತರಿಸಿದರು. ಚೀಲಗಳನ್ನು ನಮ್ಮ ಸಾಮಾನಿನೊಂದಿಗೇ ತುಂಬಿಸಿ, ಎರಡು ಬದಿಯ ಭಾರವನ್ನು ಕೈಯಲ್ಲೇ ತೂಗಿ ನೋಡಿ, ಓಣಿಯಲ್ಲಿ ನಾಲ್ಕು ಸುತ್ತು ಹೊಡೆಸಿದರು. ಹೊಸ ಸೈಕಲ್ ಮಾರುವ ದೊಡ್ಡ ಅಂಗಡಿಗಳಲ್ಲಿಯೂ ಇಷ್ಟು ತಾಳ್ಮೆಯನ್ನು ನಾನು ಕಂಡಿಲ್ಲ. ಐದು ದಿನಗಳ ಕೊನೆಯಲ್ಲಿ ನನ್ನ ಮೊಣಕಾಲು, ಸೊಂಟ ಎರಡಕ್ಕೂ ನೋವಿರಲಿಲ್ಲ ಎಂಬುದಕ್ಕೆ ಆ ಸಂಜೆಯ ಒಂದು ಗಂಟೆಯೇ ಕಾರಣವೆಂದು ನಂಬಿದ್ದೇನೆ.

ಸಲಕರಣೆಗಳ ಚೀಲದಲ್ಲಿ ಪ್ಯಾಚು, ಸಲ್ಯೂಷನ್, ಮರಳು ಕಾಗದ, ಎರಡು ಟೈರ್ ಲಿವರ್, ಒಂದು ಬಿಡಿ ಟ್ಯೂಬು, ಚಿಮಟ ಮತ್ತು ಒಂದು ಉಂಡೆ ಅರಳೆ ಇದ್ದವು. ಅರಳೆ ಯಾಕೆಂದು ಕೇಳಿದಾಗ ಯಜಮಾನರು, “ಕೈಗೆ ಸಿಗದ ಮುಳ್ಳು ಅರಳೆಗೆ ಸಿಗ್ತೈತಿ ಮೇಷ್ಟ್ರೆ” ಎಂದರು. ಅದರ ಅರ್ಥ ನನಗೆ ಎರಡನೆಯ ದಿನ ತಿಳಿಯಿತು.

ಆದೋನಿಯಿಂದ ಸುಂಕೇಸುಲಕ್ಕೆ ಸೈಕಲ್‌ಗಳನ್ನು ಸಾಮಾನಿನ ಆಟೋದಲ್ಲಿ ಹಾಕಿಕೊಂಡು ಹೋದೆವು. ತುಂಗಭದ್ರೆಗೆ ಅಡ್ಡಲಾಗಿ ಅಲ್ಲಿ ಬ್ಯಾರೇಜು ಇದೆ. ಬಲದಂಡೆಯಿಂದ ಕಾಲುವೆ ಹೊರಡುತ್ತದೆ. 2009ರ ಅಕ್ಟೋಬರಿನ ನೆರೆಯಲ್ಲಿ ಮಂತ್ರಾಲಯವೂ ಕರ್ನೂಲು ನಗರವೂ ಮುಳುಗಿದ್ದನ್ನು ಕಂಡವರಿಗೆ, ಡಿಸೆಂಬರಿನ ಆ ತಿಳಿಯಾದ ನದಿಯ ಮುಂದೆ ನಿಂತಾಗ ಅದೇ ನದಿಯೇ ಇದು ಎಂದು ನಂಬುವುದು ಕಷ್ಟವಾಗುತ್ತದೆ. ಮೊದಲ ದಿನ ಕರ್ನೂಲಿನವರೆಗೆ ಮಾತ್ರ ಹೋಗುವುದು ಒಳ್ಳೆಯದು. ದೂರ ಕಡಿಮೆ, ಸೈಕಲ್‌ಗೂ ಮೈಗೂ ಹೊಂದಿಕೆಯಾಗುತ್ತದೆ. ನಗರದೊಳಗೆ ದಂಡೆಯ ಮೇಲೆ ಸಾಗುವುದು ಹಿತವಲ್ಲ, ಕಸ ಮತ್ತು ಚರಂಡಿಯ ವಾಸನೆ ಮನಸ್ಸಿಗೆ ನೋವು ಕೊಡುತ್ತದೆ. ಆದರೆ ಹಂದ್ರಿ ನದಿಯನ್ನು ಕಾಲುವೆ ಮೇಲ್ಗಾಲುವೆಯ ಮೂಲಕ ದಾಟುವ ಜಾಗವನ್ನು ನೋಡದೆ ಮುಂದೆ ಹೋಗಬಾರದು. ಕೆಳಗೆ ಒಂದು ಹೊಳೆ, ಮೇಲೆ ಇನ್ನೊಂದು ಹೊಳೆಯ ನೀರು. ನೂರೈವತ್ತು ವರ್ಷಗಳ ಹಿಂದಿನ ಎಂಜಿನಿಯರ್‌ಗಳ ಧೈರ್ಯ ಅಲ್ಲಿ ಕಣ್ಣಿಗೆ ಕಟ್ಟುತ್ತದೆ.

ಎರಡನೆಯ ದಿನವೇ ಪ್ರಯಾಣದ ಕಠಿಣ ದಿನ. ಕಾಲುವೆ ಮಿಟ್ಟಕಂದಾಲದ ಬಳಿ ಕೃಷ್ಣಾ ಕಣಿವೆಯನ್ನು ಬಿಟ್ಟು ಪೆನ್ನಾ ಕಣಿವೆಯ ಕಡೆಗೆ ದಾಟುತ್ತದೆ. ಎರಡು ನದಿಗಳ ನಡುವಣ ಆ ದಿಣ್ಣೆಯನ್ನು ಕಡಿದು ನೀರಿಗೆ ದಾರಿ ಮಾಡಿದ್ದಾರೆ. ಅತ್ತ ಕಡೆ ಸಾಗಿದಂತೆ ದಂಡೆಯ ಎರಡೂ ಬದಿಯಲ್ಲಿ ಬಳ್ಳಾರಿ ಜಾಲಿ ಬೆಳೆದು, ಕೆಲವೆಡೆ ದಾರಿ ಒಂದು ಸೈಕಲ್ ತೂರುವಷ್ಟೇ ಉಳಿದಿದೆ. ಅಲ್ಲಿ ಭಾವನವರ ಸೈಕಲ್‌ನ ಹಿಂದಿನ ಚಕ್ರ ಮಧ್ಯಾಹ್ನದೊಳಗೆ ನಾಲ್ಕು ಸಲ ಗಾಳಿ ಬಿಟ್ಟಿತು. ಮೂರು ಸಲ ಟ್ಯೂಬಿಗೆ ಪ್ಯಾಚು ಹಾಕಿ, ಟೈರಿನ ಒಳಗೆ ಬೆರಳಾಡಿಸಿ ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಮುಂದೆ ಹೋದೆವು. ನಾಲ್ಕನೆಯ ಸಲ ಅರಳೆಯ ನೆನಪಾಯಿತು. ಒಂದು ಎಳೆಯಷ್ಟು ಅರಳೆಯನ್ನು ಟೈರಿನ ಒಳಮೈಗೆ ಒತ್ತಿ, ಸುತ್ತಲೂ ನಿಧಾನವಾಗಿ ಉಜ್ಜಿಕೊಂಡು ಬಂದೆ. ವಾಲ್ವಿನಿಂದ ಒಂದು ಗೇಣು ಆಚೆಗೆ ನೂಲಿನಂತಹ ಎರಡು ಎಳೆಗಳು ರಬ್ಬರಿಗೆ ಅಂಟಿಕೊಂಡು ನಿಂತವು. ಅಲ್ಲಿ ಉಗುರಿನಿಂದ ಟೈರನ್ನು ಮಡಿಸಿ ನೋಡಿದರೆ, ಹೊರಗೆ ಮುರಿದುಹೋಗಿ ಒಳಗೆ ಸಾಸಿವೆಯಷ್ಟು ಮೊನೆ ಮಾತ್ರ ಉಳಿದಿದ್ದ ಮುಳ್ಳು. ಗಾಳಿ ತುಂಬಿ, ಮೇಲೆ ಮನುಷ್ಯ ಕೂತು, ಟೈರು ನೆಲಕ್ಕೆ ಒತ್ತಿದಾಗಲಷ್ಟೇ ಆ ಮೊನೆ ಹೊರಚಾಚಿ ಟ್ಯೂಬನ್ನು ಚುಚ್ಚುತ್ತಿತ್ತು. ಚಿಮಟದಿಂದ ಅದನ್ನು ಕಿತ್ತ ಮೇಲೆ ಕಡಪದವರೆಗೂ ಆ ಚಕ್ರ ಗಾಳಿ ಬಿಡಲಿಲ್ಲ. ಹತ್ತಿಯ ಊರಿನ ಮೆಕ್ಯಾನಿಕ್ಕನಿಗಷ್ಟೇ ಹೊಳೆಯಬಹುದಾದ ಉಪಾಯ ಇದು.

ಹಾಗಿದ್ದೂ ಇಲ್ಲಿಯೇ ನನ್ನ ದೂರೂ ಇದೆ. ಭಾವನವರಿಗೆ ಕೊಟ್ಟ ಸೈಕಲ್‌ನ ಹಿಂದಿನ ಟೈರು ಸವೆದಿತ್ತು. ನಡುವಿನ ಗೀರುಗಳು ಬಹುತೇಕ ಅಳಿಸಿಹೋಗಿದ್ದವು. ಮುಂದಿನ ಟೈರಿನ ದಪ್ಪ ಅದಕ್ಕಿದ್ದಿದ್ದರೆ ಅಷ್ಟು ಸುಲಭವಾಗಿ ಮುಳ್ಳು ಇಳಿಯುತ್ತಿರಲಿಲ್ಲ. ಟ್ಯೂಬಿನೊಳಗೆ ಪಂಕ್ಚರ್ ತಡೆಯುವ ದ್ರವ ಹಾಕಿರುವುದಾಗಿ ಮಾತಾಗಿತ್ತು. ನನ್ನ ಸೈಕಲ್‌ಗೆ ಹಾಕಿದ್ದರು, ಅವರದಕ್ಕೆ ಹಾಕಿರಲಿಲ್ಲ. ಸೀಟಿನ ಎತ್ತರವನ್ನು ಅಷ್ಟು ಸೂಕ್ಷ್ಮವಾಗಿ ನೋಡಿದವರು, ಜಾಲಿಯ ನಾಡಿಗೆ ಹೊರಟ ಸೈಕಲ್‌ನ ಟೈರನ್ನು ನೋಡದೆ ಬಿಟ್ಟದ್ದು ಸಣ್ಣ ತಪ್ಪಲ್ಲ. ಬಿಸಿಲಿನಲ್ಲಿ ಮೂರು ಗಂಟೆ ಕಳೆದು, ಆ ದಿನ ಸೇರಬೇಕಾಗಿದ್ದ ಊರನ್ನು ಸೇರಲಾಗದೆ, ದಂಡೆ ಬಿಟ್ಟು ಆತ್ಮಕೂರಿನ ರಸ್ತೆ ಹಿಡಿದು ರಾತ್ರಿ ತಂಗಬೇಕಾಯಿತು. ಬಾಡಿಗೆಗೆ ಪಡೆಯುವವರು ಹೊರಡುವ ಮುನ್ನ ಎರಡೂ ಟೈರುಗಳ ಮೇಲೆ ಹೆಬ್ಬೆರಳು ಒತ್ತಿ, ಗೀರುಗಳ ಆಳ ನೋಡಿಕೊಳ್ಳಲೇಬೇಕು. ಒಂದು ಬಿಡಿ ಟ್ಯೂಬು ಸಾಲದು, ತಲಾ ಎರಡು ಕೇಳಿ ಪಡೆಯಬೇಕು.

ಮೂರನೆಯ ದಿನದಿಂದ ದೃಶ್ಯವೇ ಬದಲಾಗುತ್ತದೆ. ಎಡಕ್ಕೆ ದೂರದಲ್ಲಿ ನಲ್ಲಮಲ ಬೆಟ್ಟಗಳ ಸಾಲು, ಬಲಕ್ಕೆ ಕುಂದೂ ನದಿಯ ಕಣಿವೆಯ ಎರೆನೆಲ, ಕಣ್ಣು ಹರಿಯುವಷ್ಟು ದೂರ ಕೊಯ್ಲಿಗೆ ಬಂದ ಸೋನಾ ಮಸೂರಿ. ನಮ್ಮ ಆದೋನಿ ಕಡೆಯ ಬಯಲು ಕಂಡು ಬೆಳೆದವನಿಗೆ ಆ ಹಸಿರು, ಆ ಹೊಂಬಣ್ಣ ಎದೆಯೊಳಗೆ ಒಂದು ಆಸೆಯನ್ನೂ ಒಂದು ಸಂಕಟವನ್ನೂ ಒಟ್ಟಿಗೇ ಎಬ್ಬಿಸುತ್ತದೆ. ಒಂದೇ ತುಂಗಭದ್ರೆಯ ನೀರು, ನಮ್ಮ ಕಡೆಗೆ ಮಾತ್ರ ಬಹಳ ತಡವಾಗಿ ಬಂತು. ಮೇಲ್ಭಾಗದಲ್ಲಿ ದೊಡ್ಡ ಅಣೆಕಟ್ಟು ಬೇಕೆಂಬ ಮಾತು 1860ರಲ್ಲೇ ಕಾಟನ್ ಬಾಯಿಂದ ಬಂದಿತ್ತಾದರೂ, ಅದು ಹೊಸಪೇಟೆಯ ಬಳಿ ನಿಂತದ್ದು 1953ರಲ್ಲಿ, ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದ ಅದೇ ವರ್ಷದಲ್ಲಿ. 1876ರಿಂದ 1878ರವರೆಗಿನ ಬರಗಾಲದಲ್ಲಿ ನಮ್ಮ ಹಿರಿಯರು ಊರು ಬಿಟ್ಟು ನಡೆದ ಕಥೆಗಳನ್ನು ಮನೆಯಲ್ಲಿ ಕೇಳಿದ್ದೆ; ಅದುವರೆಗೆ ನೀರಿನ ತೆರಿಗೆಗೆ ಹಿಂಜರಿದಿದ್ದ ರೈತರೂ ಈ ಕಾಲುವೆಯ ನೀರಿಗೆ ಮುಗಿಬಿದ್ದದ್ದು ಆಗಲೇ.

ಸೈಕಲ್‌ನ ದೃಷ್ಟಿಯಿಂದ ಈ ಭಾಗದಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಕಾಲುವೆಯನ್ನು ಜಪಾನಿನ ಸಾಲದ ನೆರವಿನಿಂದ ಆಧುನೀಕರಿಸಿದಾಗ ಹಲವೆಡೆ ದಂಡೆಯನ್ನೂ ಗಟ್ಟಿ ಮಾಡಿದ್ದಾರೆ; ಅಲ್ಲಿ ಗಂಟೆಗೆ 15 ಕಿಲೋಮೀಟರ್ ವೇಗ ಸಲೀಸು. ಆದರೆ ಕೊಯ್ಲಿನ ಯಂತ್ರಗಳು ಹಸಿ ಎರೆಮಣ್ಣಿನ ಮೇಲೆ ಓಡಾಡಿದ ಜಾಡು ಒಣಗಿ ಕಲ್ಲಿನಂತಾಗಿರುವ ಕಡೆ, ಮುಂದಿನ ಚಕ್ರ ಆ ಗಾಡಿಜಾಡಿಗೆ ಇಳಿದರೆ ಹ್ಯಾಂಡಲ್ ನಮ್ಮ ಮಾತು ಕೇಳುವುದಿಲ್ಲ. ಯಜಮಾನರು ಹಾಕಿಕೊಟ್ಟಿದ್ದ ಅಗಲ ಟೈರು ಮತ್ತು ಮುಂಭಾಗದ ಶಾಕ್ ಅಬ್ಸಾರ್ಬರ್ ಅಲ್ಲಿ ತಮ್ಮ ಬೆಲೆ ತೋರಿಸಿದವು. ಕ್ಯಾರಿಯರ್‌ನ ಬೋಲ್ಟ್ ಮಾತ್ರ ಒಂದು ಸಲ ಸಡಿಲವಾಯಿತು; ದಿನಕ್ಕೊಮ್ಮೆ ಬಿಗಿದುಕೊಳ್ಳುವುದು ಕ್ಷೇಮ. ಮಳೆಗಾಲದಲ್ಲಿ ಈ ಮಣ್ಣಿನ ಮೇಲೆ ಸೈಕಲ್ ಸಾಗದು, ಮಡ್‌ಗಾರ್ಡಿನೊಳಗೆ ಮಣ್ಣು ತುಂಬಿ ಚಕ್ರವೇ ನಿಲ್ಲುತ್ತದೆ. ಡಿಸೆಂಬರ್ ಮತ್ತು ಜನವರಿಯೇ ತಕ್ಕ ಕಾಲ. ಕಾಲುವೆಯಲ್ಲಿ ನೀರೂ ಇರುತ್ತದೆ.

ತಂಗುವುದಕ್ಕೆ ಕರ್ನೂಲು, ನಂದ್ಯಾಲ, ಮೈದುಕೂರುಗಳಲ್ಲಿ ಸಾಧಾರಣ ಲಾಡ್ಜುಗಳಿವೆ, ಸೈಕಲ್‌ಗಳನ್ನು ಒಳಗಿಡಲು ಎಲ್ಲಿಯೂ ಅಡ್ಡಿಪಡಿಸಲಿಲ್ಲ. ಸಮಯವಿದ್ದರೆ ನಂದ್ಯಾಲದಿಂದ ಮಹಾನಂದಿಗೆ ಹೋಗಿ, ನಾಣ್ಯ ಬಿದ್ದರೂ ತಳದಲ್ಲಿ ಕಾಣುವಷ್ಟು ತಿಳಿಯಾದ ಆ ಪುಷ್ಕರಿಣಿಯಲ್ಲಿ ಮುಳುಗಿ ಬರಬಹುದು. ಬೆಳಗಿನ ತಿಂಡಿಗೆ ದಂಡೆಯ ಊರುಗಳಲ್ಲೆಲ್ಲ ಮಂಡಕ್ಕಿಯ ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ ಸಿಗುತ್ತವೆ. ನಮಗದು ಮನೆಯ ತಿಂಡಿಯೇ. ಕುಡಿಯುವ ನೀರು ತಲಾ ಮೂರು ಲೀಟರ್ ಇರಲಿ. ಕಾಂಕ್ರೀಟ್ ಹಾಸಿದ ಕಡೆ ಸ್ನಾನಕ್ಕೆಂದು ಕಾಲುವೆಗೆ ಇಳಿಯಲೇಬಾರದು. ಪಾಚಿಯ ಮೇಲೆ ಕಾಲು ಜಾರಿದರೆ ಹಿಡಿಯಲು ಏನೂ ಸಿಗುವುದಿಲ್ಲ. ದಾರಿ ತಪ್ಪಿದಾಗ ತೂಬಿನ ಬಳಿ ಇರುವ ಲಸ್ಕರುಗಳನ್ನು, ಅಂದರೆ ಕಾಲುವೆ ಕಾಯುವ ನೌಕರರನ್ನು ಕೇಳಬೇಕು. ಯಾವ ದಂಡೆ ಎಲ್ಲಿ ಕುಸಿದಿದೆ, ಎಲ್ಲಿ ಆಚೆ ದಂಡೆಗೆ ದಾಟಬೇಕು ಎಂಬುದು ಮೊಬೈಲಿನ ನಕ್ಷೆಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಕೊನೆಯ ಎರಡು ದಿನ ರಾಜೋಲಿ ಅಣೆಕಟ್ಟಿನಿಂದ ಮೈದುಕೂರು, ಅಲ್ಲಿಂದ ಆದಿನಿಮ್ಮಾಯಪಲ್ಲಿಯಲ್ಲಿ ಪೆನ್ನಾ ದಾಟಿ ಕಡಪ. ಈ ಭಾಗದಲ್ಲಿ ದಾರಿ ಸುಲಭ. ಒಂದು ಸಂಗತಿ ಮಾತ್ರ ಬೇಸರ ತಂದಿತು. 2020ರಲ್ಲಿ ಅಂತರರಾಷ್ಟ್ರೀಯ ನೀರಾವರಿ ಮತ್ತು ಚರಂಡಿ ಆಯೋಗ ಈ ಕಾಲುವೆಯನ್ನು ವಿಶ್ವ ಪಾರಂಪರಿಕ ನೀರಾವರಿ ರಚನೆಯೆಂದು ಗುರುತಿಸಿದೆ. ಆದರೂ ನಾವು ಸಾಗಿದ ದಂಡೆಯಲ್ಲಿ ಲಾಕುಗಳ ಹೆಸರನ್ನೋ ವರ್ಷವನ್ನೋ ತಿಳಿಸುವ ಒಂದು ಫಲಕವೂ ನಮ್ಮ ಕಣ್ಣಿಗೆ ಬೀಳಲಿಲ್ಲ.

ಕಡಪದಿಂದ ಆದೋನಿಗೆ ನೇರ ರೈಲಿದೆ. ಸೈಕಲ್‌ಗಳನ್ನು ಲಗೇಜು ಬುಕ್ ಮಾಡಿ ಬ್ರೇಕ್ ವ್ಯಾನಿಗೆ ಹಾಕಿಸಿದೆವು. ಪೆಟ್ರೋಲ್ ಇಲ್ಲದ ವಾಹನವಾದ್ದರಿಂದ ತಕರಾರಾಗಲಿಲ್ಲ. ಹ್ಯಾಂಡಲ್ ತಿರುಗಿಸಿ, ಪೆಡಲ್ ಬಿಚ್ಚಿ, ಗೋಣಿಚೀಲ ಸುತ್ತುವ ಬಗೆಯನ್ನೂ ಯಜಮಾನರು ಮೊದಲೇ ತೋರಿಸಿಕೊಟ್ಟಿದ್ದರು. ಮರುದಿನ ಸೈಕಲ್ ಒಪ್ಪಿಸುವಾಗ ಸವೆದ ಟೈರನ್ನು ತೋರಿಸಿದೆ. ಅವರು ವಾದ ಮಾಡಲಿಲ್ಲ. ಟೈರನ್ನು ಅಲ್ಲಿಯೇ ಬಿಚ್ಚಿ, ಒಳಮೈಯನ್ನು ಬೆಳಕಿಗೆ ಹಿಡಿದು ನೋಡಿ, “ತಪ್ಪು ನಂದೇ ಮೇಷ್ಟ್ರೆ, ಇದನ್ನ ಊರೊಳಗ ಓಡ್ಸಬೇಕಿತ್ತು” ಎಂದು ಒಂದು ದಿನದ ಬಾಡಿಗೆಯನ್ನೂ ಠೇವಣಿಯೊಂದಿಗೆ ಹಿಂದಿರುಗಿಸಿದರು.

ಜನವರಿಯ ಕೊನೆಗೆ ನಮ್ಮ ಶಾಲೆಯ ಇನ್ನಿಬ್ಬರು ಶಿಕ್ಷಕರು ಇದೇ ದಾರಿಗೆ ಹೊರಡುತ್ತಿದ್ದಾರೆ, ಸೈಕಲ್‌ಗಳನ್ನು ಅಲ್ಲಿಯೇ ಹೇಳಿದ್ದೇವೆ. ಆರೇ ಸೈಕಲ್‌ಗಳಿರುವುದರಿಂದ ಬೇಕಾದವರು ಹದಿನೈದು ದಿನ ಮೊದಲೇ ತಿಳಿಸಬೇಕು. ಸಂಕ್ರಾಂತಿಯ ವಾರ ಅಂಗಡಿಗೆ ರಜೆ.