ಬಡ್ಜಿ, ಕಾಕಟೀಲ್, ಆಫ್ರಿಕನ್ ಗ್ರೇ: ಮನೆಗೆ ಯಾವ ಗಿಳಿ?

ಫ್ಲ್ಯಾಟ್‌ನಲ್ಲಿ ಗಿಳಿ ಸಾಕಬೇಕು, ಅದು ಬಹಳ ವರ್ಷ ಜೊತೆಗಿರಬೇಕು ಅನ್ನುವವರಿಗೆ ನಾನು ಹೇಳುವುದು ತಲೆಯ ಮೇಲೆ ಜುಟ್ಟಿರುವ ಸಣ್ಣ ಗಿಳಿ ಕಾಕಟೀಲ್. ನಮ್ಮಲ್ಲಿ ಮೊದಲು ಅದಕ್ಕಿಂತಲೂ ಪುಟ್ಟ ಗಿಳಿ ಬಡ್ಜಿ ಇತ್ತು, ಈಗ ಕಾಕಟೀಲ್ ಇದೆ. ಬೂದು ಬಣ್ಣದ ದೊಡ್ಡ ಗಿಳಿ ಆಫ್ರಿಕನ್ ಗ್ರೇ ಅಕ್ಕನ ಮನೆಯದು. ಅಕ್ಕ, ಭಾವ ಊರಿಗೆ ಹೋದಾಗಲೆಲ್ಲ ಅದು ನಮ್ಮ ಮನೆಗೆ ಬರುತ್ತದೆ. ಕೆಂಪು ಕೊಕ್ಕಿನ ನಮ್ಮ ಹಸಿರು ಗಿಳಿಯ ಮಾತೇ ಇಲ್ಲಿ ಬರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದನ್ನು ಪಂಜರದಲ್ಲಿ ಇಡುವುದು ಅಪರಾಧ. ಮರಿ ತಂದುಕೊಡ್ತೀನಿ ಅಂತ ಯಾರೇ ಬಂದರೂ ಬೇಡ ಅನ್ನಿ.

ಬಡ್ಜಿ ಸಾಮಾನ್ಯವಾಗಿ 5ರಿಂದ 8 ವರ್ಷ ಬದುಕುತ್ತದೆ. ಚೆನ್ನಾಗಿ ನೋಡಿಕೊಂಡರೆ 10 ದಾಟಬಹುದು. ನಮ್ಮದು ಬೇಗ ಹೋಯಿತು. ಹೊಟ್ಟೆಯಲ್ಲಿ ಗೆಡ್ಡೆ ಇದೆ ಅಂದರು ಡಾಕ್ಟರ್. ಬಡ್ಜಿಗಳಲ್ಲಿ ಇದು ಜಾಸ್ತಿ. ಅಂಗಡಿಯವನು ಮಾತ್ರ ಅದನ್ನು ಮರಿ ಅಂತಲೇ ಕೊಟ್ಟಿದ್ದ. ಮರಿ ಬಡ್ಜಿಗೆ ಹಣೆಯ ಮೇಲೆ ಮೂಗಿನ ತನಕ ಪಟ್ಟೆಗಳಿರುತ್ತವೆ. ಮೂರು ನಾಲ್ಕು ತಿಂಗಳಿಗೆ ಪುಕ್ಕ ಬದಲಾದಾಗ ಅವು ಹೋಗುತ್ತವೆ. ನಮ್ಮದರ ಹಣೆಯಲ್ಲಿ ಒಂದೂ ಪಟ್ಟೆ ಇರಲಿಲ್ಲ, ಕಣ್ಣಿನ ಪಾಪೆಯ ಸುತ್ತ ಬಿಳಿ ಬಳೆಯೂ ಮೂಡಿತ್ತು. ಅಂದರೆ ಬೆಳೆದ ಹಕ್ಕಿ. ಅದಕ್ಕೆ ಎಷ್ಟು ವಯಸ್ಸು ಅಂತ ಯಾರು ಹೇಳಬೇಕು? ಕಾಕಟೀಲ್ ತಂದಿದ್ದು ಮನೆಯಲ್ಲೇ ಮರಿ ಮಾಡಿಸುವವರ ಹತ್ತಿರ. ಅದರ ಕಾಲಿನ ಉಂಗುರದಲ್ಲಿ ಹುಟ್ಟಿದ ವರ್ಷ ಇದೆ. ಜೋಡಣೆ ಇಲ್ಲದ ಈ ಉಂಗುರವನ್ನು ಮರಿಯ ಕಾಲು ಸಣ್ಣದಿರುವಾಗಲೇ ಹಾಕಬೇಕು, ಆಮೇಲೆ ತೂರುವುದಿಲ್ಲ.

ಕಾಕಟೀಲ್ 15ರಿಂದ 20 ವರ್ಷ ಬದುಕಬಲ್ಲದು. ಆದರೆ ಅದಕ್ಕೆ ಅಡ್ಡ ಬರುವುದು ಕಾಳು. ನವಣೆ, ಸೂರ್ಯಕಾಂತಿ ಬೀಜದ ಮಿಕ್ಸ್ ಒಂದಿದ್ದರೆ ಸಾಕು ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಸಾಕಾಗುವುದಿಲ್ಲ. ಬರೀ ಕಾಳು ತಿಂದರೆ ವಿಟಮಿನ್ ಎ ಸಿಗುವುದಿಲ್ಲ, ಲಿವರ್‌ನಲ್ಲಿ ಕೊಬ್ಬು ತುಂಬುತ್ತದೆ, ಆಯಸ್ಸು ಅರ್ಧಕ್ಕೆ ನಿಲ್ಲಬಹುದು.

ಕಾಳಿನ ಬದಲು ಪೆಲೆಟ್, ಅಂದರೆ ಹಕ್ಕಿಗೆಂದೇ ಮಾಡಿದ ಗುಳಿಗೆಯಂಥ ಆಹಾರ, ತಂದು ಬಟ್ಟಲಿಗೆ ಹಾಕಿದರೆ ಅದು ತಿನ್ನುವ ವಸ್ತು ಅಂತಲೇ ಹಕ್ಕಿಗೆ ಗೊತ್ತಾಗುವುದಿಲ್ಲ. ಹಸಿವಾದರೆ ತಿನ್ನುತ್ತೆ ಬಿಡಿ ಅಂತ ಕಾಳು ಪೂರ್ತಿ ನಿಲ್ಲಿಸಬೇಡಿ. ಅಷ್ಟು ಸಣ್ಣ ಜೀವ ಒಂದೆರಡು ದಿನದ ಉಪವಾಸವನ್ನೂ ತಡೆಯಲಾರದು. ಹಾಗಾಗಿ ಕಾಳಿನ ಜೊತೆ ಒಂದಿಷ್ಟು ಪೆಲೆಟ್ ಬೆರೆಸುವುದು, ಕಾಳನ್ನು ನಿಧಾನವಾಗಿ ಕಡಿಮೆ ಮಾಡುವುದು, ಬೆಳಿಗ್ಗೆ ಅಡುಗೆಮನೆಯ ತಕ್ಕಡಿಯಲ್ಲಿ ತೂಕ ನೋಡುವುದು. ಬೆಳೆದ ಕಾಕಟೀಲ್ ಸುಮಾರು 80ರಿಂದ 100 ಗ್ರಾಂ ತೂಗುತ್ತದೆ. ನಾಲ್ಕೈದು ಗ್ರಾಂ ಇಳಿದರೂ ನನಗೆ ಜೀವ ಹಾರುತ್ತಿತ್ತು, ಮತ್ತೆ ಕಾಳು ಜಾಸ್ತಿ ಮಾಡುತ್ತಿದ್ದೆ. ಅದು ಪೆಲೆಟ್‌ಗಳನ್ನು ಆರಿಸಿ ಆರಿಸಿ ಕೆಳಗೆ ಎಸೆಯುತ್ತಿತ್ತು. ದುಬಾರಿ ಬೇರೆ, ನಮ್ಮ ಏರಿಯಾದಲ್ಲಿ ಸಿಗುವುದೂ ಇಲ್ಲ.

ಕೊನೆಗೆ ದಾರಿ ಮಾಡಿದ್ದು ನುಗ್ಗೆಸೊಪ್ಪು. ತೊಳೆದ ಸೊಪ್ಪನ್ನು ನೀರು ಸೋರುವಂತೆಯೇ ಪಂಜರಕ್ಕೆ ಕಟ್ಟಿದರೆ ಅದರಲ್ಲಿ ಮೈ ಉಜ್ಜುತ್ತಾ ಎಲೆ ಕಚ್ಚಲು ಶುರು ಮಾಡಿತು. ಆಮೇಲೆ ತುರಿದ ಕ್ಯಾರೆಟ್, ಬೇಯಿಸಿದ ಸಿಹಿಗೆಣಸು. ಪೆಲೆಟ್ ಹಿಡಿಸಿದ್ದು ಎಲ್ಲಕ್ಕಿಂತ ಕೊನೆಗೆ. ತಿಂಗಳುಗಳೇ ಹಿಡಿದವು, ಆದರೂ ಪ್ರತಿ ದಿನದ ಶ್ರಮವೂ ಸಾರ್ಥಕ.

ಕಾಕಟೀಲ್ ಕತ್ತಲಲ್ಲಿ ಬೆಚ್ಚಿ ರೆಕ್ಕೆ ಬಡಿದುಕೊಳ್ಳುತ್ತದೆ, ಝೀರೋ ಬಲ್ಬ್ ಇಟ್ಟರೆ ಸರಿಹೋಗುತ್ತದೆ.

ಹೊಗೆ ಮೂರಕ್ಕೂ ಅಪಾಯ. ನಾನ್‌ಸ್ಟಿಕ್ ತವಾ ಅತಿಯಾಗಿ ಕಾದರೆ ಬರುವ ಅನಿಲ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು. ನಾವು ಕಬ್ಬಿಣದ ಕಾವಲಿಗೆ ಮರಳಿದೆವು. ಊದುಬತ್ತಿ, ಸಾಂಬ್ರಾಣಿ, ಸೊಳ್ಳೆ ಬತ್ತಿ ಪಂಜರ ಇರುವ ಕೋಣೆಗೆ ಬರುವುದಿಲ್ಲ.

ಆಫ್ರಿಕನ್ ಗ್ರೇ ಬುದ್ಧಿಯಲ್ಲಿ ಎಲ್ಲಕ್ಕೂ ಮೇಲು, 40ರಿಂದ 60 ವರ್ಷ ಬದುಕಬಲ್ಲದು. ನನಗೆ ಭಯ ಇರುವುದೂ ಅಲ್ಲೇ. ಕೆಲವು ಗಿಳಿಗಳು ಇನ್ನೂ ಹೆಚ್ಚು ಬದುಕುತ್ತವೆ: ಶಿಕಾಗೋ ಹತ್ತಿರದ ಬ್ರೂಕ್‌ಫೀಲ್ಡ್ ಮೃಗಾಲಯದ ಕುಕಿ ಎಂಬ ಕಾಕಟೂ (ಬೇರೊಂದು ಜಾತಿಯ ಜುಟ್ಟಿನ ಗಿಳಿ) 2016ರಲ್ಲಿ ಸತ್ತಾಗ ಅದಕ್ಕೆ 83 ವರ್ಷ. ನಲವತ್ತು ದಾಟಿದ ನಾನು ಈಗ ಗ್ರೇ ತಂದರೆ ನನ್ನ ನಂತರ ಅದನ್ನು ಯಾರು ನೋಡಿಕೊಳ್ಳುತ್ತಾರೆ? ಒಂಟಿಯಾದರೆ ಅದು ತನ್ನ ಪುಕ್ಕ ತಾನೇ ಕಿತ್ತುಕೊಳ್ಳುತ್ತದೆ. ಬೆಲೆಯೂ ಹತ್ತಾರು ಸಾವಿರ. ಜೊತೆಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ದಿನವಿಡೀ ಮನೆಯಲ್ಲಿ ಜನ ಇರುವವರಿಗೆ, ಮುಂದೆ ನೋಡಿಕೊಳ್ಳುವ ಮಕ್ಕಳಿರುವವರಿಗೆ ಅದು ಸರಿ.

ನಾನು ಬೆಳಿಗ್ಗೆ ಆಫೀಸಿಗೆ ಹೋದರೆ ಬರುವುದು ಸಂಜೆ. ಕಾಕಟೀಲ್‌ಗೆ ಕೆಲವು ಸಾವಿರ ಕೊಟ್ಟೆ, ಸಂಜೆಯ ಎರಡು ಗಂಟೆ ಅದಕ್ಕೇ ಕೊಡುತ್ತೇನೆ, ರಾತ್ರಿ ಬೇಗ ಬಟ್ಟೆ ಮುಚ್ಚಿ ಹತ್ತು ಗಂಟೆಗೂ ಹೆಚ್ಚು ನಿದ್ದೆ ಮಾಡಲು ಬಿಡುತ್ತೇನೆ. ಇಷ್ಟನ್ನು ಇಪ್ಪತ್ತು ವರ್ಷ ನಡೆಸಿಕೊಂಡು ಹೋಗುವುದು ನನ್ನಿಂದ ಆಗುತ್ತದೆ. ನೀವು ಕೊಳ್ಳುವುದಾದರೆ ಮೊದಲು ಉಂಗುರದ ವರ್ಷ ನೋಡಿ, ಪಂಜರದ ಜೊತೆಗೇ ಗ್ರಾಂ ತೋರಿಸುವ ತಕ್ಕಡಿಯನ್ನೂ ತನ್ನಿ.