ಡಚ್ ಕ್ರೈಂ ಚಿತ್ರಕ್ಕೆ ಯಾವ ಪಿಸ್ತೂಲು? ರಬ್ಬರ್, ಗ್ಯಾಸ್, ಬ್ಲ್ಯಾಂಕ್ ಮೂರನ್ನೂ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನನ್ನ ಮಟ್ಟಿಗೆ ಗೆದ್ದದ್ದು ಗ್ಯಾಸ್ ಪಿಸ್ತೂಲು, ಅಂದರೆ ಗ್ಯಾಸ್ ಒತ್ತಡದಲ್ಲಿ ಕೆಲಸ ಮಾಡುವ ಪ್ರತಿಕೃತಿ. ಅದರ ಹಿಂದೆಯೇ ರಬ್ಬರ್ ಪಿಸ್ತೂಲು. ಅದನ್ನು ಜನ ಸುಮ್ನೆ ಕಡೆಗಣಿಸುತ್ತಾರೆ. ಬ್ಲ್ಯಾಂಕ್ (ಗುಂಡಿಲ್ಲದ, ಮದ್ದು ಮಾತ್ರ ಇರುವ ತೋಟಾ) ಹಾರಿಸುವ ಅಸಲಿ ಪಿಸ್ತೂಲಿಗೆ ಕೊನೆಯ ಸ್ಥಾನ. ಸಿನಿಮಾ ಅಂದಮೇಲೆ ಢಂ ಅನ್ನಲೇಬೇಕು, ಬೆಂಕಿ ಕಾಣಲೇಬೇಕು ಅನ್ನುವವರೇ ಜಾಸ್ತಿ. ಆದರೆ ಮೂರರಲ್ಲೂ ತೆಗೆದ ಶಾಟ್‌ಗಳನ್ನು ಮಾನಿಟರ್‌ನಲ್ಲಿ ಒಂದರ ಪಕ್ಕ ಒಂದು ಇಟ್ಟು ನೋಡಿದಾಗ ನಮ್ಮೆಲ್ಲರ ಕಣ್ಣು ಹೋಗಿದ್ದು ಪಿಸ್ತೂಲು ಹಿಡಿದ ಕೈ ಕಡೆಗೆ. ಕೈ ನಂಬಿಸಿದರೆ ಉಳಿದದ್ದನ್ನು ಆಮೇಲೆ ಸೇರಿಸಬಹುದು.

ನಾನಿರುವುದು ನೆದರ್ಲ್ಯಾಂಡ್ಸ್‌ನಲ್ಲಿ. ವಾರವೆಲ್ಲ ಆಫೀಸು, ವಾರಾಂತ್ಯ ಬಂದರೆ ಇಲ್ಲಿನ ಗೆಳೆಯರ ಕಿರುಚಿತ್ರಗಳಿಗೆ ಪ್ರಾಪ್ಸ್, ಅಂದರೆ ದೃಶ್ಯದಲ್ಲಿ ಬಳಸುವ ವಸ್ತುಗಳನ್ನು ನೋಡಿಕೊಳ್ಳುವ ಕೆಲಸ. ಈ ಸಲದ್ದು ಡಚ್ ಭಾಷೆಯ ಕ್ರೈಂ ಚಿತ್ರ, 1990ರ ದಶಕದ ಆಮ್‌ಸ್ಟರ್‌ಡ್ಯಾಮ್ ಕಥೆ. ಒಬ್ಬ ಪೊಲೀಸ್, ಒಬ್ಬ ಡ್ರಗ್ಸ್ ಸಾಗಿಸುವವನು. ನಗರದ ಆಚೆ ಒಂದು ಹಳೇ ಗೋದಾಮಿನಲ್ಲಿ ಇಬ್ಬರೂ ಎದುರುಬದುರಾಗುತ್ತಾರೆ, ಗುಂಡು ಹಾರುವುದು ಅದೊಂದೇ ದೃಶ್ಯದಲ್ಲಿ. ಒಂದೇ ದೃಶ್ಯ ಆದ್ದರಿಂದಲೇ ಮೂರನ್ನೂ ಬಾಡಿಗೆಗೆ ತಂದು, ಅದೇ ಜಾಗ, ಅದೇ ಬೆಳಕು, ಅದೇ ನಟರನ್ನು ಇಟ್ಟುಕೊಂಡು ಪರೀಕ್ಷೆ ಮಾಡಲು ಸಾಧ್ಯವಾಯಿತು.

ಪೊಲೀಸ್ ಕೈಯಲ್ಲಿ ಯಾವ ಪಿಸ್ತೂಲು ಇರಬೇಕು ಅನ್ನುವುದರಲ್ಲಿ ಚರ್ಚೆಯೇ ಇರಲಿಲ್ಲ. ವಾಲ್ಟರ್ ಪಿ5. ಜರ್ಮನಿಯ ಈ 9 ಮಿ.ಮೀ. ಪಿಸ್ತೂಲನ್ನು ಡಚ್ ಪೊಲೀಸರು 1980ರ ದಶಕದಿಂದ 2010ರ ದಶಕದ ಆರಂಭದವರೆಗೂ ಸೊಂಟಕ್ಕೆ ಕಟ್ಟಿಕೊಂಡು ಓಡಾಡಿದ್ದಾರೆ. ಅದರ ಜಾಗಕ್ಕೆ ಮೊದಲು ಸಿಗ್ ಸಾವರ್ ಕಂಪನಿಯ ಪಿಸ್ತೂಲು ಬರಬೇಕಿತ್ತು, 2011ರಲ್ಲಿ ಆ ಒಪ್ಪಂದ ರದ್ದಾಯಿತು, ಆಮೇಲೆ ಬಂದದ್ದು ವಾಲ್ಟರ್‌ನದೇ ಪಿ99ಕ್ಯೂ. ಆಮೇಲೆ ರಸ್ತೆಯಲ್ಲಿ ಕಂಡದ್ದು ಅದೇ. ಹಾಗಂತ 1990ರ ದಶಕದ ಪೊಲೀಸ್ ಕೈಗೆ ಅದನ್ನು ಕೊಟ್ಟರೆ ಇಲ್ಲಿ ಗೊತ್ತಿರುವವರು ತಕ್ಷಣ ಹಿಡಿಯುತ್ತಾರೆ. ಪಿ5 ನೋಡಲು ಗಿಡ್ಡ, 9 ಸೆಂ.ಮೀ. ನಳಿಗೆ, ಮ್ಯಾಗಜಿನ್‌ನಲ್ಲಿ (ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ) 8 ಗುಂಡು, ಖಾಲಿ ಇದ್ದಾಗ 800 ಗ್ರಾಂ ಹತ್ತಿರ ತೂಕ. ಇನ್ನೊಂದು ವಿಶೇಷವೂ ಇದೆ. ಬಹುತೇಕ ಪಿಸ್ತೂಲುಗಳು ಖಾಲಿ ತೋಟಾವನ್ನು ಬಲಗಡೆಗೆ ಎಸೆಯುತ್ತವೆ, ಇದು ಎಡಗಡೆಗೆ ಎಸೆಯುತ್ತದೆ. ಮುಂದೆ ಈ ವಿಷಯ ಬೇಕಾಗುತ್ತದೆ. ಎದುರಾಳಿ ಪಾತ್ರದ ಕೈಗೆ ಗ್ಲಾಕ್ 17 ಪಿಸ್ತೂಲು ಕೊಟ್ಟೆವು, ಅದರ ಗ್ಯಾಸ್ ಪ್ರತಿಕೃತಿ ಸಿಕ್ಕಿತು.

ಕಾನೂನಿನ ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಇಲ್ಲಿ ಅಸಲಿಯಂತೆ ಕಾಣುವ ಆಟಿಕೆ ಗನ್ ಕೂಡ ಆಯುಧ ಕಾಯ್ದೆಯ ಕೆಳಗೆ ಬರುತ್ತದೆ. ಗ್ಯಾಸ್‌ನಲ್ಲಿ ಓಡುವ ಏರ್‌ಸಾಫ್ಟ್ ಗನ್ (ಸಣ್ಣ ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಗನ್, ನಮ್ಮ ಗ್ಯಾಸ್ ಪಿಸ್ತೂಲೂ ಇದೇ ಜಾತಿ) ಇಟ್ಟುಕೊಳ್ಳಲು 2013ರಿಂದ ಅವಕಾಶ ಇದೆ, ಅದೂ ಏರ್‌ಸಾಫ್ಟ್ ಆಟಗಾರರ ಸಂಘದ ಸದಸ್ಯರಿಗೆ, ಆಟದ ಮೈದಾನಕ್ಕೆ ಅಂತ. ಪಕ್ಕದ ಜರ್ಮನಿಯಲ್ಲಿ 18 ತುಂಬಿದವರು ಅಂಗಡಿಗೆ ಹೋಗಿ ಬ್ಲ್ಯಾಂಕ್ ಹಾರಿಸುವ ಅಲಾರ್ಮ್ ಪಿಸ್ತೂಲು ಕೊಳ್ಳಬಹುದು, ಅದನ್ನೇ ಕಾರಿನಲ್ಲಿ ಹಾಕಿಕೊಂಡು ಗಡಿ ದಾಟಿಸಿದರೆ ಇಲ್ಲಿ ಅಪರಾಧ. ಇಂಥ ಅಲಾರ್ಮ್ ಪಿಸ್ತೂಲುಗಳನ್ನು ಕೊರೆದು ಅಸಲಿ ಗುಂಡು ಹಾರುವಂತೆ ಮಾಡಿ ಮಾರುವ ದಂಧೆ ಯುರೋಪಿನಲ್ಲಿ ದೊಡ್ಡದಾಗಿದೆ, ಹಾಗಾಗಿ ಪೊಲೀಸರು ಈ ವಿಷಯದಲ್ಲಿ ಯಾರ ಮುಖವನ್ನೂ ನೋಡುವುದಿಲ್ಲ, ಅದು ಸರಿಯೂ ಹೌದು. ನಾವು ಪರವಾನಗಿ ಇರುವ ಬಾಡಿಗೆ ಸಂಸ್ಥೆಯಿಂದಲೇ ತಂದೆವು, ಅವರ ಆರ್ಮರರ್, ಅಂದರೆ ಸೆಟ್‌ನಲ್ಲಿ ಆಯುಧ ನೋಡಿಕೊಳ್ಳುವವರು, ಜೊತೆಗೇ ಬಂದರು, ಸ್ಥಳೀಯ ಪೊಲೀಸರಿಗೆ ಮೊದಲೇ ತಿಳಿಸಿದ್ದೆವು. ಪಿಸ್ತೂಲು ಕೈಯಲ್ಲಿ ಹಿಡಿದವನನ್ನು ಕಿಟಕಿಯಿಂದ ಯಾರೋ ನೋಡಿ 112ಕ್ಕೆ ಫೋನ್ ಮಾಡಿದರೆ, ಬರುವ ಪೊಲೀಸರಿಗೆ ಅದು ಸಿನಿಮಾ ಅಂತ ಗೊತ್ತಾಗುವುದು ಹೇಗೆ? ಒಳಾಂಗಣ ಆದರೂ ತಿಳಿಸಿಯೇ ತಿಳಿಸಿ.

ಈಗ ರಬ್ಬರ್. ಪಿ5ರ ಗ್ಯಾಸ್ ಪ್ರತಿಕೃತಿ ನಮಗೆ ಹುಡುಕಿದರೂ ಸಿಗಲಿಲ್ಲ, ಹಾಗಾಗಿ ಪೊಲೀಸ್ ಪಾತ್ರದ ಬಹುಪಾಲು ಶಾಟ್‌ಗಳು ರಬ್ಬರ್‌ನಲ್ಲೇ ನಡೆದವು. ಅಸಲಿ ಪಿಸ್ತೂಲಿನ ಅಚ್ಚು ತೆಗೆದು ಎರಕ ಹೊಯ್ದದ್ದು ಅದು, ಆಕಾರದಲ್ಲಿ ಒಂದು ಕೂದಲೆಳೆ ವ್ಯತ್ಯಾಸ ಇಲ್ಲ. ಓಡುವಾಗ, ಬೀಳುವಾಗ, ಕೈ ಕೈ ಮಿಲಾಯಿಸುವಾಗ ಇದಕ್ಕೆ ಸಾಟಿಯೇ ಇಲ್ಲ. ನಮ್ಮ ನಟ ಸಿಮೆಂಟ್ ನೆಲದ ಮೇಲೆ ಪಿಸ್ತೂಲಿನ ಮೇಲೇ ಬಿದ್ದ, ಪಕ್ಕೆಗೆ ಏನೂ ಆಗಲಿಲ್ಲ. ಕಬ್ಬಿಣದ್ದಾಗಿದ್ದರೆ ಆವತ್ತಿನ ಶೂಟಿಂಗ್ ಅಲ್ಲಿಗೇ ನಿಲ್ಲುತ್ತಿತ್ತು.

ತೊಂದರೆ ಎರಡು. ಒಂದು, ತೂಕ. ಅಸಲಿಯ ಅರ್ಧದಷ್ಟೂ ಇಲ್ಲ. ಹಗುರ ವಸ್ತು ಹಿಡಿದ ಮಣಿಕಟ್ಟು ತಾನಾಗಿಯೇ ಸಡಿಲವಾಗುತ್ತದೆ, ಪಿಸ್ತೂಲು ಗಾಳಿಯಲ್ಲಿ ಅತ್ತಿತ್ತ ತೇಲುತ್ತದೆ, ನಟನಿಗೆ ಎಷ್ಟು ಹೇಳಿದರೂ ಮೂರನೇ ಟೇಕ್ ಹೊತ್ತಿಗೆ ಮತ್ತೆ ಅದೇ. ನಾವು ಕಂಡುಕೊಂಡ ದಾರಿ ಅಂದರೆ ಶಾಟ್‌ಗೆ ಮುಂಚೆ ಗ್ಯಾಸ್ ಗ್ಲಾಕನ್ನು ಒಂದೆರಡು ನಿಮಿಷ ಕೈಗೆ ಕೊಟ್ಟು, ಆಮೇಲೆ ರಬ್ಬರಿಗೆ ಬದಲಿಸುವುದು. ಕೈಗೆ ಆ ಭಾರ ಸ್ವಲ್ಪ ಹೊತ್ತು ನೆನಪಿರುತ್ತದೆ. ಎರಡನೇ ತೊಂದರೆ, ಅಚ್ಚಿನ ಎರಡು ಭಾಗ ಕೂಡುವ ಕಡೆ ಉಳಿಯುವ ಸಣ್ಣ ಗೆರೆ. ಟ್ರಿಗರ್ ಗಾರ್ಡ್ ಕೆಳಗೆ, ಹಿಡಿಯ ಹಿಂಭಾಗದಲ್ಲಿ ಅದು ಇದ್ದೇ ಇರುತ್ತದೆ. 85 ಮಿ.ಮೀ. ಲೆನ್ಸ್ ಹಾಕಿ ಪಕ್ಕದಿಂದ ದೀಪ ಬಿಟ್ಟರೆ ಎದ್ದು ಕಾಣುತ್ತದೆ. ಸಂಸ್ಥೆಯವರ ಒಪ್ಪಿಗೆ ಪಡೆದು ನುಣುಪು ಉಪ್ಪುಕಾಗದದಲ್ಲಿ ಉಜ್ಜಿ, ಅದರ ಮೇಲೆ ಗ್ರಾಫೈಟ್ ಪುಡಿಯನ್ನು ಬಟ್ಟೆಯಲ್ಲಿ ತೀಡಿದೆ. ಗೆರೆ ಮಾಯವಾಯಿತು, ಜೊತೆಗೆ ಸ್ಲೈಡ್‌ನ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಅಂಚುಗಳಿಗೆ ಹೊಳಪು ಬಂದು ತುಂಬಾ ಸಲ ಹೋಲ್ಸ್ಟರ್‌ಗೆ ಹಾಕಿ ತೆಗೆದು ಸವೆದ ಲೋಹದ ಹಾಗೇ ಕಂಡಿತು. ಪುಡಿ ಕೈಗೆ, ಅಂಗಿಗೆ ಹತ್ತುತ್ತದೆ, ಅದೊಂದು ನೋಡಿಕೊಳ್ಳಬೇಕು.

ಗ್ಯಾಸ್ ಗ್ಲಾಕ್ ಬಗ್ಗೆ ಎಷ್ಟು ಹೇಳಿದರೂ ನನಗೆ ಕಡಿಮೆಯೇ. ಮ್ಯಾಗಜಿನ್ ಒಳಗೆ ಪ್ರೊಪೇನ್ ಗ್ಯಾಸ್ ತುಂಬಿರುತ್ತದೆ. ಟ್ರಿಗರ್ ಎಳೆದಾಗ ಅದೇ ಗ್ಯಾಸ್ ಸ್ಲೈಡನ್ನು ಹಿಂದಕ್ಕೆ ತಳ್ಳುತ್ತದೆ. ಸ್ಲೈಡ್ ಹಿಂದೆ ಹೋಗಿ ಮುಂದೆ ಬಂದು ಬಡಿಯುವಾಗ ಮಣಿಕಟ್ಟು ಒಂದು ಸಣ್ಣ ಏಟು ತಿನ್ನುತ್ತದೆ, ಮೊಣಕೈವರೆಗೂ ಅದು ಹರಿಯುತ್ತದೆ, ಕಣ್ಣೆವೆ ಒಂದು ಕ್ಷಣ ಅದುರುತ್ತದೆ. ಈ ಮೂರೂ ನಟನೆಯಿಂದ ಬರುವಂಥವಲ್ಲ. ರಬ್ಬರ್ ಹಿಡಿದು ಕೈ ಮೇಲಕ್ಕೆ ಹಾರಿಸಿ ತೋರಿಸು ಅಂದರೆ ಒಳ್ಳೆ ನಟನೂ ಅತಿ ಮಾಡುತ್ತಾನೆ, ಇಲ್ಲವೇ ತಡವಾಗಿ ಮಾಡುತ್ತಾನೆ. ಇಲ್ಲಿ ಕೈ ತನ್ನ ಪಾಡಿಗೆ ತಾನು ಸರಿಯಾಗಿ ಮಾಡುತ್ತದೆ.

ಕೆಲವು ವಿಷಯ ಗೊತ್ತಿರಲಿ. ಒಳಗೆ ಪ್ಲಾಸ್ಟಿಕ್ ಗುಂಡು ಹಾಕುವ ಪ್ರಶ್ನೆಯೇ ಇಲ್ಲ, ಸೆಟ್‌ನಲ್ಲಿ ಅದು ಇರಲೇಬಾರದು. ಆದರೆ ಗುಂಡಿಲ್ಲದ ಮ್ಯಾಗಜಿನ್ ಹಾಕಿದರೆ ಮೊದಲ ಏಟಿಗೇ ಸ್ಲೈಡ್ ಹಿಂದೆ ಸಿಕ್ಕಿಕೊಂಡು ನಿಂತುಬಿಡುತ್ತದೆ, ಗುಂಡು ಮುಗಿಯಿತು ಅಂತ ಅದು ತಿಳಿದುಕೊಳ್ಳುತ್ತದೆ. ಮ್ಯಾಗಜಿನ್‌ನಲ್ಲಿ ಗುಂಡನ್ನು ಮೇಲಕ್ಕೆ ದೂಡುವ ತುಂಡನ್ನು ಕೆಳಗೆ ಒತ್ತಿ ಸಿಕ್ಕಿಸಿಟ್ಟರೆ ಸಾಲಾಗಿ ಹಾರಿಸಬಹುದು. ನಳಿಗೆಯ ಬಾಯಲ್ಲಿ ಇಣುಕಿದರೆ 6 ಮಿ.ಮೀ.ನ ಸಣ್ಣ ಹಿತ್ತಾಳೆ ಕೊಳವೆ ಹೊಳೆಯುತ್ತದೆ. ಕ್ಯಾಮೆರಾ ಎದುರಿಗೆ ಪಿಸ್ತೂಲು ಚಾಚುವ ಶಾಟ್ ಇದ್ದರೆ ಅದರ ತುದಿಗೆ ಹೊಳಪಿಲ್ಲದ ಕಪ್ಪು ಬಣ್ಣ ಹಚ್ಚಬೇಕು. ಮ್ಯಾಗಜಿನ್ ತಳದಲ್ಲಿ ಗ್ಯಾಸ್ ತುಂಬುವ ಕವಾಟ ಕಾಣುತ್ತದೆ, ಹಾಗಾಗಿ ಮ್ಯಾಗಜಿನ್ ಬದಲಿಸುವ ಕ್ಲೋಸಪ್ ಇದರಲ್ಲಿ ಬೇಡ.

ಎಲ್ಲಕ್ಕಿಂತ ದೊಡ್ಡ ಶತ್ರು ಚಳಿ. ನಾವು ಶೂಟ್ ಮಾಡಿದ್ದು ನವೆಂಬರ್‌ನಲ್ಲಿ, ಗೋದಾಮಿನಲ್ಲಿ ಹೀಟರ್ ಇಲ್ಲ. ತಂಪಾದಷ್ಟೂ ಗ್ಯಾಸ್‌ನ ಒತ್ತಡ ಇಳಿಯುತ್ತದೆ. ಅದೂ ಅಲ್ಲದೆ ಪ್ರತಿ ಏಟಿಗೂ ಗ್ಯಾಸ್ ಹಿಗ್ಗಿ ಮ್ಯಾಗಜಿನ್ ಇನ್ನಷ್ಟು ತಣ್ಣಗಾಗುತ್ತದೆ. ನಾಲ್ಕೈದು ಏಟಿನ ಹೊತ್ತಿಗೆ ಸ್ಲೈಡ್ ಸೋಮಾರಿಯಾಗಿ ಅರ್ಧಕ್ಕೇ ನಿಲ್ಲತೊಡಗಿತು. ಮೂರು ಮ್ಯಾಗಜಿನ್ ಇಟ್ಟುಕೊಂಡು, ಒಂದು ಪಿಸ್ತೂಲಿನಲ್ಲಿ, ಎರಡು ನನ್ನ ಜಾಕೆಟ್ ಒಳಜೇಬಿನಲ್ಲಿ ಮೈ ಶಾಖಕ್ಕೆ, ಹೀಗೆ ಸರದಿ ಮಾಡಿದ ಮೇಲೆ ಸರಿಹೋಯಿತು. ಅದೇ ಚಳಿಯಿಂದ ಒಂದು ಲಾಭವೂ ಸಿಕ್ಕಿತು. ಹೊರಬಂದ ಗ್ಯಾಸ್ ಬಿಳಿ ಆವಿಯಾಗಿ ಸ್ಲೈಡ್ ಸುತ್ತ ಸುಳಿಯುತ್ತಿತ್ತು, ಹಿಂದಿನಿಂದ ಬೆಳಕು ಇದ್ದ ಶಾಟ್‌ನಲ್ಲಿ ಅದು ಹೊಗೆಯಂತೆಯೇ ಬಂತು.

ಬ್ಲ್ಯಾಂಕ್‌ಗೆ ಬರೋಣ. ಬ್ಲ್ಯಾಂಕ್ ಅಂದರೆ ಮುಂದೆ ಗುಂಡಿಲ್ಲದ ತೋಟಾ. ಮದ್ದು ಇರುತ್ತದೆ, ಬಾಯಿ ಮಡಚಿ ಮುಚ್ಚಿರುತ್ತಾರೆ. ಗುಂಡು ಇಲ್ಲದಿದ್ದರೆ ಸ್ಲೈಡ್ ತಳ್ಳುವಷ್ಟು ಒತ್ತಡ ಹುಟ್ಟುವುದಿಲ್ಲ, ಅದಕ್ಕೆ ನಳಿಗೆಯೊಳಗೆ ಸಣ್ಣ ರಂಧ್ರದ ಅಡ್ಡ ಕೂರಿಸಿರುತ್ತಾರೆ. ನಮಗೆ ಸಿಕ್ಕಿದ್ದು ಹೀಗೆ ಬದಲಿಸಿದ ಪಿ5. ಒಪ್ಪಿಕೊಳ್ಳಬೇಕಾದದ್ದು ಒಪ್ಪಿಕೊಳ್ಳಬೇಕು: ಮೊದಲ ಏಟಿಗೆ ಇಡೀ ಗೋದಾಮು ನಡುಗಿತು, ಬೆಂಕಿಯ ಬೆಳಕು ನಟನ ಕೆನ್ನೆ ಮೇಲೆ, ಹಿಂದಿನ ಇಟ್ಟಿಗೆ ಗೋಡೆ ಮೇಲೆ ಬಿತ್ತು, ಎಡಗಡೆಗೆ ಹಿತ್ತಾಳೆ ತೋಟಾ ಹಾರಿ ನೆಲದ ಮೇಲೆ ಟಣಟಣ ಅಂದಿತು. ಎದುರು ನಟನ ಮುಖದಲ್ಲಿ ಬಂದ ಬೆಚ್ಚು ನಿಜವಾದದ್ದು.

ಆದರೆ ರೆಕಾರ್ಡ್ ಆದದ್ದನ್ನು ನೋಡಿದಾಗ ಲೆಕ್ಕ ಬದಲಾಯಿತು. ಇಲ್ಲಿ ಸೆಕೆಂಡಿಗೆ 25 ಫ್ರೇಮ್ ಶೂಟ್ ಮಾಡುತ್ತಾರೆ. ಒಂದು ಫ್ರೇಮ್ 40 ಮಿಲಿಸೆಕೆಂಡ್, ಅದರಲ್ಲಿ ಶಟರ್ ತೆರೆದಿರುವುದು 20 ಮಾತ್ರ. ನಳಿಗೆಯ ಬೆಂಕಿ ಕೆಲವೇ ಮಿಲಿಸೆಕೆಂಡ್ ಇರುತ್ತದೆ. ಶಟರ್ ಮುಚ್ಚಿದ ಹೊತ್ತಿನಲ್ಲಿ ಬೆಂಕಿ ಬಂದರೆ ಚಿತ್ರದಲ್ಲಿ ಏನೂ ಇಲ್ಲ, ಢಂ ಅಂದದ್ದೊಂದೇ ಬಂತು. ಕೆಲವು ಟೇಕ್‌ಗಳಲ್ಲಿ ಇನ್ನೂ ಕೆಟ್ಟದಾಗಿ, ಡಿಜಿಟಲ್ ಕ್ಯಾಮೆರಾ ಸೆನ್ಸರ್ ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುವುದರಿಂದ, ಫ್ರೇಮಿನ ಮೇಲರ್ಧ ಬೆಳಗಿ ಕೆಳಗಿನರ್ಧ ಕತ್ತಲೆಯಾಗಿ, ನಡುವೆ ಅಡ್ಡಗೆರೆ ಎಳೆದಂತೆ ಕಂಡಿತು. ಆ ಶಾಟ್‌ಗಳು ಕೆಲಸಕ್ಕೆ ಬರಲಿಲ್ಲ. ಸದ್ದೂ ಅಷ್ಟೇ, ಮೈಕ್ ತಡೆದುಕೊಳ್ಳದೆ ಒಡೆದುಹೋಯಿತು, ಕೊನೆಗೆ ಬೇರೆ ಸದ್ದನ್ನೇ ಹಾಕಬೇಕಾಯಿತು. ಎಲ್ಲರಿಗೂ ಕಿವಿ ರಕ್ಷಣೆ, ನಟರಿಗೆ ಚರ್ಮದ ಬಣ್ಣದ ಇಯರ್‌ಪ್ಲಗ್, ಪ್ರತಿ ಏಟಿಗೂ ಆರ್ಮರರ್ ಬಂದು ಪರೀಕ್ಷಿಸಿ ತುಂಬಿಸಿ ಕೊಡುವುದು, ಮುಗಿದ ಕೂಡಲೇ ವಾಪಸ್ ತೆಗೆದುಕೊಂಡು ಖಾಲಿ ಮಾಡಿ ತೋರಿಸುವುದು. ಗ್ಯಾಸ್‌ನಲ್ಲಿ ಒಂದು ಗಂಟೆಯಲ್ಲಿ ಮುಗಿದ ಕೆಲಸಕ್ಕೆ ಅರ್ಧ ದಿನ ಹಿಡಿಯಿತು.

ಈ ನಿಧಾನ ವ್ಯರ್ಥ ಅಂತ ನಾನು ಹೇಳುತ್ತಿಲ್ಲ. ಒಂದು ಹೆಜ್ಜೆಯನ್ನೂ ಬಿಡುವಂತಿಲ್ಲ. ಅಮೆರಿಕದ ನಟ ಜಾನ್ ಎರಿಕ್ ಹೆಕ್ಸಮ್ 1984ರಲ್ಲಿ ಬ್ಲ್ಯಾಂಕ್ ತುಂಬಿದ ರಿವಾಲ್ವರನ್ನು ತಲೆಗೆ ಒತ್ತಿಕೊಂಡು ಎಳೆದು ಪ್ರಾಣ ಕಳೆದುಕೊಂಡರು. ಗುಂಡಿಲ್ಲದಿದ್ದರೂ ಅಷ್ಟು ಹತ್ತಿರದಲ್ಲಿ ಆ ಗ್ಯಾಸ್‌ನ ಏಟೇ ಸಾಕು. 1993ರಲ್ಲಿ ‘ದ ಕ್ರೋ’ ಚಿತ್ರದ ಸೆಟ್‌ನಲ್ಲಿ ನಟ ಬ್ರ್ಯಾಂಡನ್ ಲೀ ಸತ್ತದ್ದು, ಮೊದಲು ಬಳಸಿದ ಡಮ್ಮಿ (ನೋಡಲು ಮಾತ್ರ ಅಸಲಿಯಂತಿರುವ) ತೋಟಾದ ಗುಂಡು ನಳಿಗೆಯಲ್ಲಿ ಸಿಕ್ಕಿಕೊಂಡಿದ್ದು, ಆಮೇಲೆ ಹಾರಿಸಿದ ಬ್ಲ್ಯಾಂಕ್ ಅದನ್ನು ಹೊರಗೆ ದೂಡಿದ್ದರಿಂದ. 2021ರ ಅಕ್ಟೋಬರ್‌ನಲ್ಲಿ ‘ರಸ್ಟ್’ ಚಿತ್ರದ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ತೀರಿಕೊಂಡದ್ದು ಸೆಟ್‌ಗೆ ಅಸಲಿ ಗುಂಡು ಬಂದು ಸೇರಿದ್ದರಿಂದ. ಮೂರೂ ವೃತ್ತಿಪರ ತಂಡಗಳೇ. ಹತ್ತು ಹನ್ನೆರಡು ಜನರ ತಂಡ, ರಾತ್ರಿ ಹನ್ನೊಂದಕ್ಕೆ ಎಲ್ಲರೂ ಸುಸ್ತಾಗಿರುವಾಗ, ಆ ಶಿಸ್ತನ್ನು ಕೊನೆವರೆಗೂ ಹಿಡಿದಿಡುತ್ತದೆ ಅಂತ ನಾನು ಭರವಸೆ ಕೊಡಲಾರೆ. ಬ್ಲ್ಯಾಂಕ್ ಕೊನೆಗೆ ಹೋಗಲು ನನಗೆ ಇದೇ ಮುಖ್ಯ ಕಾರಣ.

ನಿಷ್ಕ್ರಿಯ ಮಾಡಿದ ಅಸಲಿ ಪಿಸ್ತೂಲು ಅಂತ ಇನ್ನೊಂದು ಸಿಗುತ್ತದೆ. 2016ರಿಂದ ಯುರೋಪ್‌ನ ನಿಯಮ ಬಿಗಿಯಾಗಿ ಒಳಭಾಗಗಳನ್ನೆಲ್ಲ ಬೆಸುಗೆ ಹಾಕುತ್ತಾರೆ, ಸ್ಲೈಡ್ ಅಲ್ಲಾಡುವುದಿಲ್ಲ. ಮೇಜಿನ ಮೇಲೆ ಇಡುವ ಶಾಟ್‌ಗೆ ಚೆನ್ನ, ಅಷ್ಟೇ.

ಕೊನೆಗೆ ಕಂಪ್ಯೂಟರ್ ಕೆಲಸ. ಗ್ಯಾಸ್ ಶಾಟ್‌ಗಳಿಗೆ ಬೆಂಕಿ, ತೋಟಾ ಎರಡನ್ನೂ ಸೇರಿಸಿದ್ದು ಎಡಿಟಿಂಗ್‌ನಲ್ಲಿ. ಬೆಂಕಿ ಒಂದೇ ಫ್ರೇಮ್ ಇರಲಿ, ಮೂರು ನಾಲ್ಕು ಫ್ರೇಮ್ ಇಟ್ಟರೆ ವಿಡಿಯೋ ಗೇಮ್ ಆಗುತ್ತದೆ. ಬೆಂಕಿಗಿಂತ ಅದರ ಬೆಳಕು ಮುಖದ ಮೇಲೆ, ಗೋಡೆ ಮೇಲೆ ಬೀಳುವುದು ಮುಖ್ಯ. ಅದನ್ನು ಆಮೇಲೆ ಬರೆಯುವುದಕ್ಕಿಂತ ಶೂಟಿಂಗ್‌ನಲ್ಲೇ ಒಂದು ಸಣ್ಣ ಎಲ್‌ಇಡಿ ದೀಪವನ್ನು ಆ ಕ್ಷಣಕ್ಕೆ ಮಿನುಗಿಸಿದರೆ ಅರ್ಧ ಶ್ರಮ ಉಳಿಯುತ್ತದೆ. ರಬ್ಬರ್ ಪಿ5ರಲ್ಲಿ ಗುಂಡು ಹಾರುವಂತೆ ತೋರಿಸಲು ಸ್ಲೈಡನ್ನೂ ಫ್ರೇಮ್ ಫ್ರೇಮ್ ಕತ್ತರಿಸಿ ಸರಿಸಬೇಕು, ಒಂದು ಶಾಟ್‌ಗೆ ಒಂದು ಸಂಜೆ ಹೋಗುತ್ತದೆ. ಆ ಹೊತ್ತಿನಲ್ಲಿ ತೋಟಾ ಹಾರಬೇಕಾದದ್ದು ಎಡಗಡೆಗೆ. ಸಿದ್ಧವಾಗಿ ಸಿಗುವ ಕ್ಲಿಪ್‌ಗಳೆಲ್ಲ ಬಲಗಡೆಗೆ ಹಾರುತ್ತವೆ, ತಿರುಗಿಸಿ ಹಾಕಿ.

ಈಗ ಅಂತಿಮ ಕಟ್‌ನಲ್ಲಿ ಇರುವುದು ಹೀಗೆ: ಗ್ಲಾಕ್ ಹಾರುವ ಶಾಟ್‌ಗಳೆಲ್ಲ ಗ್ಯಾಸ್, ಪಿ5 ಓಡುವ ಬೀಳುವ ಹಿಡಿದು ನಿಲ್ಲುವ ಶಾಟ್‌ಗಳೆಲ್ಲ ರಬ್ಬರ್, ಬ್ಲ್ಯಾಂಕ್‌ನಿಂದ ಉಳಿದದ್ದು ಎದುರು ನಟ ಬೆಚ್ಚಿದ ಆ ಒಂದು ಕ್ಲೋಸಪ್. ಅದರಲ್ಲಿ ಪಿಸ್ತೂಲು ಫ್ರೇಮಿನಲ್ಲೇ ಇಲ್ಲ. ಅದಕ್ಕೆ ಬ್ಲ್ಯಾಂಕ್ ಬೇಕಿರಲಿಲ್ಲ, ಕ್ಯಾಮೆರಾ ಪಕ್ಕದಲ್ಲಿ ಯಾರಾದರೂ ಎರಡು ಹಲಗೆ ಬಡಿದಿದ್ದರೂ ಸಾಕಿತ್ತು. ಮುಂದಿನ ಚಿತ್ರಕ್ಕೆ ಹಾಗೇ ಮಾಡುತ್ತೇವೆ.