ಕ್ಯಾನನ್ 100-400 (2ನೇ ಆವೃತ್ತಿ): ಗರುಡಕ್ಕೂ ದೀಪಸ್ತಂಭಕ್ಕೂ ಒಂದೇ ಲೆನ್ಸ್ ಸಾಕೇ?

ಮಲ್ಪೆ ಧಕ್ಕೆಗೆ ಮೀನಿನ ಬೋಟು ಬಂದರೆ ಗರುಡಗಳು ತಲೆಯ ಮೇಲೆಯೇ ಸುತ್ತುತ್ತವೆ. 600 ಮಿ.ಮೀ. ಲೆನ್ಸ್ ಹಿಡಿದವರಿಗೆ ರೆಕ್ಕೆ ಫ್ರೇಮಿನಾಚೆ ಹೋಗುವುದೇ ಹೆಚ್ಚು. 2014ರಲ್ಲಿ ಬಂದ ಕ್ಯಾನನ್ ಇಎಫ್ 100-400 ಮಿ.ಮೀ. ಜೂಮ್ ಲೆನ್ಸಿನ ಎರಡನೇ ಆವೃತ್ತಿ ಕರಾವಳಿಗೆ ಇಂದಿಗೂ ಒಗ್ಗುವುದು ಇದಕ್ಕೇ.

ಫೋಕಸ್ ಮಿತಿಯ ಸ್ವಿಚ್ಚನ್ನು '3 ಮೀಟರ್‌ನಿಂದಾಚೆ'ಗೆ ತಳ್ಳಿಡಿ. ಇಲ್ಲದಿದ್ದರೆ ಹಕ್ಕಿ ಒಮ್ಮೆ ತಪ್ಪಿದ ಕೂಡಲೇ ಲೆನ್ಸ್ ಹತ್ತಿರದಿಂದ ದೂರದವರೆಗೆ ತಡಕಾಡುತ್ತದೆ. ಶಟರ್ 1/2000, ಅಪರ್ಚರ್ ಎಫ್/5.6, ಐಎಸ್ಒ ಆಟೋ. ಗರುಡನ ತಲೆ ಬಿಳಿ, ಮೈ ಕೆಂಗಂದು. ನೀರಿನ ಹಿನ್ನೆಲೆಗೆ ಇಳಿದಾಗ ಎಕ್ಸ್‌ಪೋಷರ್ 2/3 ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧ ಅಥವಾ ಎರಡು ಪಟ್ಟು) ಇಳಿಸದಿದ್ದರೆ ತಲೆಯ ಗರಿಗಳು ಸುಣ್ಣವಾಗುತ್ತವೆ. ಬೆಳ್ಳನೆಯ ಆಕಾಶವಿದ್ದರೆ ತದ್ವಿರುದ್ಧ, ಅಷ್ಟೇ ಏರಿಸಿ. ಸೇಂಟ್ ಮೇರಿಸ್ ದ್ವೀಪದ ಬೋಟಿನಲ್ಲಿ ಲೆನ್ಸನ್ನು ಕಂಬಿಗೆ ಊರಬೇಡಿ, ಎಂಜಿನ್ನಿನ ನಡುಕ ಚಿತ್ರಕ್ಕೇ ಇಳಿಯುತ್ತದೆ. ಕೈಯಲ್ಲೇ ಹಿಡಿದು ಸ್ಟೆಬಿಲೈಸರ್ (ಕೈನಡುಕ ತಗ್ಗಿಸುವ ವ್ಯವಸ್ಥೆ) 3ನೇ ಮೋಡ್‌ನಲ್ಲಿಡಿ.

ಹತ್ತಿರದ ಫೋಕಸ್ 98 ಸೆಂ.ಮೀ. ಮರಳಿನ ಏಡಿಗೂ ದ್ವೀಪದ ಕಲ್ಲುಕಂಬಗಳ ಮೇಲ್ಮೈಗೂ ಬೇರೆ ಮ್ಯಾಕ್ರೋ (ತೀರ ಹತ್ತಿರದ ಚಿತ್ರದ) ಲೆನ್ಸ್ ಬೇಕಿಲ್ಲ.

ಕಾಪು ದೀಪಸ್ತಂಭದ ಲೆಕ್ಕವೇ ಬೇರೆ. 1901ರ ಈ ಕಟ್ಟಡ ಸುಮಾರು 27 ಮೀಟರ್ ಎತ್ತರ. 100 ಮಿ.ಮೀ.ನಲ್ಲಿ ಕ್ಯಾಮೆರಾ ಲಂಬ ಹಿಡಿದರೂ ಫುಲ್ ಫ್ರೇಮಿಗೆ (ದೊಡ್ಡ ಸೆನ್ಸರ್) 75 ಮೀಟರ್, ಎಪಿಎಸ್-ಸಿಗೆ (ಚಿಕ್ಕ ಸೆನ್ಸರ್) 120 ಮೀಟರ್ ಹಿಂದೆ ಸರಿಯಬೇಕು. ಅದು ಬಂಡೆಯ ಮೇಲಿರುವುದರಿಂದ ಬಂಡೆಯೂ ಬೇಕೆಂದರೆ ಇನ್ನೂ ದೂರ. ಮರಳ ಮೇಲೆ ನಡೆಯಲು ಜಾಗವೇನೋ ಇದೆ, ಬಿಸಿಲೇರಿದ ಮೇಲೆ ಮಾತ್ರ ಮರಳಿನ ಬಿಸಿಗಾಳಿ ಗೋಡೆಯ ಅಂಚನ್ನು ಕುಣಿಸುತ್ತದೆ. ಅದಕ್ಕೆ ಯಾವ ದುಬಾರಿ ಗಾಜೂ ಮದ್ದಲ್ಲ, ಬೆಳಗ್ಗೆಯೇ ಹೋಗಿ. ಪೋಲರೈಜರ್ (ಪ್ರತಿಫಲನ ತಗ್ಗಿಸುವ ಫಿಲ್ಟರ್) ತಿರುಗಿಸಲು ಹುಡ್‌ನಲ್ಲೊಂದು ಕಿಂಡಿಯಿದೆ, ಒಳ್ಳೆಯ ಉಪಾಯ. ಹಕ್ಕಿಗೆ ಹೊರಳುವಾಗ ಪೋಲರೈಜರ್ ತೆಗೆಯಿರಿ, ಒಂದೂವರೆ ಸ್ಟಾಪ್ ಬೆಳಕು ಅದೇ ನುಂಗುತ್ತದೆ.

ದೊಡ್ಡ ಕೊರತೆ ಜೂಮ್‌ನದು. ತಿರುಗಿಸಿದಂತೆಲ್ಲ ಕೊಳವೆ ಹೊರಬಂದು ಒಳಹೋಗುತ್ತದೆ, ಜೊತೆಗೆ ಉಪ್ಪುಗಾಳಿಯೂ ಮರಳಿನ ಪುಡಿಯೂ. ನಡೆಯುವಾಗ ಬಿಗಿ ಹೊಂದಿಸುವ ರಿಂಗನ್ನು ಗಟ್ಟಿ ಮಾಡಿಡಿ. ಕೆಲಸ ಮುಗಿದ ಮೇಲೆ ಕೊಳವೆಯನ್ನು ಹೊರಗೆಳೆದು ಮೊದಲು ಬ್ಲೋವರ್, ಆಮೇಲೆ ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆ, ಕೊನೆಗೆ ಒಣಬಟ್ಟೆ. ಒಣಬಟ್ಟೆಯಲ್ಲೇ ಶುರುಮಾಡಿದರೆ ಉಪ್ಪಿನ ಹರಳು ಗೀರು ಹಾಕುತ್ತದೆ. ಮುಂದಿನ ಗಾಜಿಗೆ 77 ಮಿ.ಮೀ. ಫಿಲ್ಟರ್ ಹಾಕುವುದು ಇಲ್ಲಿ ಅತಿಯೇನಲ್ಲ.

ಎತ್ತರದಲ್ಲಿ ತೇಲುವ ಬಿಳಿ ಹೊಟ್ಟೆಯ ಕಡಲ ಹದ್ದೇ ನಿಮ್ಮ ಗುರಿಯಾದರೆ 400 ಸಾಲದು. ಫೋಕಲ್ ದೂರವನ್ನು 1.4 ಪಟ್ಟು ಹಿಗ್ಗಿಸುವ ಎಕ್ಸ್‌ಟೆಂಡರ್ ಸೇರಿಸಿದರೆ 560 ಸಿಗುತ್ತದೆ, ಆದರೆ ಅಪರ್ಚರ್ ಎಫ್/8ಕ್ಕೆ ಕುಸಿದು ಹಳೆಯ ಡಿಎಸ್ಎಲ್ಆರ್‌ಗಳಲ್ಲಿ ಆಟೋಫೋಕಸ್ ನಡುಬಿಂದುವಿಗೇ ಸೀಮಿತವಾಗುತ್ತದೆ, ಕೆಲವದರಲ್ಲಿ ನಿಂತೇ ಹೋಗುತ್ತದೆ. ಅಂಥವರು 150-600 ಮಿ.ಮೀ. ಲೆನ್ಸ್ ನೋಡಿ.